ಊರ ಋಣ ಮತ್ತು ಪಿಎಚ್.ಡಿ.

‘ಡಾಕ್ಟರ್’ ಎಂಬ ಪದಕ್ಕೆ ನಮ್ಮ ಕಡೆಯ ಹಳ್ಳಿಗಳಲ್ಲಿ ಎರಡು ಅರ್ಥಗಳಿವೆ. ಸೂಜಿ ಮಾಡುವ ಡಾಕ್ಟರು, ಸೂಜಿ ಮಾಡದ ಡಾಕ್ಟರು. ಮೊದಲನೆಯವರು ಯಾತಕ್ಕೆ ಬೇಕೆಂದು ಬೈಲಹೊಂಗಲದ ಸಂತೆಗೆ ಬಂದ ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡನೆಯವರ ವಿಷಯ ಬಂದರೆ ಮಾತ್ರ, ‘ಭಾಳ ಓದ್ಯಾರಂತ್ರೀ, ಏನ್ ಓದ್ಯಾರೋ ದೇವರಿಗೇ ಗೊತ್ತು’ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ.

ಈ ಎರಡನೆಯ ಬಗೆಯ ಡಾಕ್ಟರರಲ್ಲೂ ಪಂಗಡಗಳಿವೆ. ಕೆಲವರು ಪ್ರಯೋಗಶಾಲೆಯಲ್ಲಿ ಕೂತು ಆ ಪದವಿ ಸಂಪಾದಿಸುತ್ತಾರೆ. ಕೆಲವರು ಗ್ರಂಥಾಲಯದ ಧೂಳು ಕುಡಿದು ಸಂಪಾದಿಸುತ್ತಾರೆ. ಇನ್ನು ಕೆಲವರು ಗುರುತು ಪರಿಚಯವಿಲ್ಲದ ಒಂದು ಊರಿಗೆ ಹೋಗಿ, ಅಲ್ಲಿನ ಜನರ ನಡುವೆ ವರ್ಷ ಎರಡು ವರ್ಷ ಉಂಡು ಮಲಗಿ, ಅವರ ಮಾತು ಕಲಿತು, ಅವರ ಬದುಕನ್ನು ಬರೆದುಕೊಂಡು ಬರುತ್ತಾರೆ. ಇದಕ್ಕೆ ವಿಶ್ವವಿದ್ಯಾಲಯದವರು ‘ಕ್ಷೇತ್ರಕಾರ್ಯ’ ಎನ್ನುತ್ತಾರೆ. ನಾನು ವಿಜ್ಞಾನದ ಮಾಸ್ತರ. ಆದರೂ ಈ ಮೂರನೆಯ ಪಂಗಡದವರ ಕಡೆಗೆ ನನಗೆ ಮೊದಲಿನಿಂದಲೂ ಒಂದು ಕುತೂಹಲ. ಯಾಕೆಂದರೆ ಅವರ ಹಿರಿಯನೊಬ್ಬ ಮೂಲದಲ್ಲಿ ನಮ್ಮವನೇ, ಭೌತಶಾಸ್ತ್ರದವನು.

ಅವನ ಹೆಸರು ಫ್ರಾಂಜ್ ಬೋವಾಸ್. 1881ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದಲ್ಲಿ ಅವನು ಪಿಎಚ್.ಡಿ. ಪಡೆದದ್ದು ನೀರಿನ ಬಣ್ಣದ ಮೇಲೆ. ಎರಡು ವರ್ಷಗಳ ನಂತರ, 24ರ ಹರೆಯದಲ್ಲಿ, ಕೆನಡಾದ ಉತ್ತರದ ಬ್ಯಾಫಿನ್ ದ್ವೀಪಕ್ಕೆ ಹಡಗು ಹತ್ತಿದ. ಹೋದದ್ದು ಕರಾವಳಿಯ ನಕ್ಷೆ ತಯಾರಿಸಲು, ಅಲ್ಲಿನ ಜನರ ವಲಸೆಗೂ ನೆಲಕ್ಕೂ ಏನು ಸಂಬಂಧ ಎಂದು ನೋಡಲು. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ‘ಎಸ್ಕಿಮೋ’ ಎಂದು ಓದಿದ ಜನ ಅವರೇ; ಅವರು ತಮ್ಮನ್ನು ಕರೆದುಕೊಳ್ಳುವುದು ಇನ್ಯೂಟ್ ಎಂದು. ಒಂದು ಚಳಿಗಾಲ ಅವರ ಜೊತೆ ನಾಯಿಗಳೆಳೆಯುವ ಬಂಡಿಯಲ್ಲಿ ಅಲೆದು, ಅವರು ಹಂಚಿಕೊಟ್ಟ ಸೀಲ್ ಮಾಂಸ ತಿಂದು, ಅವರು ಬಿಡಿಸಿಕೊಟ್ಟ ಗೆರೆಗಳಿಂದ ನಕ್ಷೆ ಕಲಿತು 1884ರಲ್ಲಿ ಹೊರಬಂದ ಬೋವಾಸ್ ಮುಂದೆ ಭೌತಶಾಸ್ತ್ರಕ್ಕೆ ಮರಳಲಿಲ್ಲ. ಅಮೆರಿಕದ ಮಾನವಶಾಸ್ತ್ರಕ್ಕೆ ತಳಪಾಯ ಹಾಕಿದವನು ಎಂದು ಅವನನ್ನು ಇಂದು ನೆನೆಯುತ್ತಾರೆ. ನೀರನ್ನು ನೋಡಲು ಕಲಿತವನು ಮನುಷ್ಯರನ್ನು ನೋಡುವವನಾದ.

ಅದೇ ಹಿಮದ ನಾಡಿಗೆ 1963ರಲ್ಲಿ ಇನ್ನೊಬ್ಬಳು ಹೋದಳು. ಜೀನ್ ಬ್ರಿಗ್ಸ್, ಹಾರ್ವರ್ಡ್ ವಿಶ್ವವಿದ್ಯಾಲಯದ ಪಿಎಚ್.ಡಿ. ವಿದ್ಯಾರ್ಥಿನಿ. ಅವಳು ಆರಿಸಿಕೊಂಡದ್ದು ಉತ್ತರ ಧ್ರುವವೃತ್ತದ ಸನಿಹ, ಬ್ಯಾಕ್ ಎಂಬ ನದಿ ಸಮುದ್ರ ಸೇರುವಲ್ಲಿದ್ದ ಒಂದು ಸಣ್ಣ ಗುಂಪನ್ನು. ಇಡೀ ಗುಂಪಿನಲ್ಲಿ 20ರಿಂದ 35 ಜನ. ಅಂಗಡಿ, ಪಾದ್ರಿ, ಟಪಾಲು ಏನು ಬೇಕಾದರೂ ಸುಮಾರು 240 ಕಿಲೋಮೀಟರು ದೂರದ ಊರಿಗೆ ಹೋಗಬೇಕು. ಹಳೆಯ ಕಾಲದ ಮಾಂತ್ರಿಕರ ಬಗ್ಗೆ ಅಧ್ಯಯನ ಮಾಡಬೇಕೆಂದು ಅವಳ ಯೋಜನೆ. ಹೋಗಿ ನೋಡಿದರೆ ಅವರೆಲ್ಲ ಆಗಲೇ ಭಕ್ತಿವಂತ ಕ್ರೈಸ್ತರಾಗಿದ್ದರು. ಮಾಂತ್ರಿಕರ ಮಾತೆತ್ತಿದರೆ ಯಾರೂ ಬಾಯಿಬಿಡರು. ವಿಷಯವೇ ಕೈಬಿಟ್ಟುಹೋಯಿತು.

ಒಂಟಿ ಹೆಂಗಸು, ಹಿಮದ ಮನೆ ಕಟ್ಟಲು ಬರುವುದಿಲ್ಲ, ತೊಗಲಿನ ಬಟ್ಟೆ ಹೊಲಿಯಲು ಬರುವುದಿಲ್ಲ. ಒಂದು ಕುಟುಂಬ ಅವಳನ್ನು ಮಗಳಾಗಿ ಸ್ವೀಕರಿಸಿತು. ಮಗಳೆಂದರೆ ಬರಿಯ ಬಾಯಿಮಾತಲ್ಲ. ಚಹಾ ಕಾಸಿಕೊಡಬೇಕು, ಅಪ್ಪ ಹೇಳಿದಂತೆ ಕೇಳಬೇಕು, ಸಿಟ್ಟು ಮಾಡಬಾರದು. ಆ ಜನರಲ್ಲಿ ‘ಇಹುಮಾ’ ಎಂದೊಂದು ಮಾತಿದೆ. ನಾವು ‘ಕೂಸಿಗೆ ಇನ್ನೂ ತಿಳುವಳಿಕೆ ಬಂದಿಲ್ಲ’ ಎನ್ನುತ್ತೇವಲ್ಲ, ಆ ತಿಳುವಳಿಕೆಯೇ ಅದು. ಕೂಸು ಸಿಟ್ಟಾದರೆ ನಗುತ್ತಾರೆ, ಯಾಕೆಂದರೆ ಅದಕ್ಕೆ ಇಹುಮಾ ಬಂದಿಲ್ಲ. ದೊಡ್ಡವರು ಸಿಟ್ಟಾದರೆ ಹೆದರುತ್ತಾರೆ.

ಒಂದು ಬೇಸಿಗೆಯಲ್ಲಿ ಮೀನು ಹಿಡಿಯುವ ಮೋಜಿಗೆಂದು ಹೊರಗಿನ ಬಿಳಿಯರು ವಿಮಾನದಲ್ಲಿ ಬಂದರು. ಊರಿನವರ ಹತ್ತಿರ ಇದ್ದ ಎರಡು ದೋಣಿಗಳಲ್ಲಿ ಒಂದನ್ನು ಕೇಳಿ ಪಡೆದು ಹಾಳು ಮಾಡಿದರು. ಇನ್ನೊಂದನ್ನೂ ಕೇಳಿದರು. ಬ್ರಿಗ್ಸ್‌ಗೆ ತಡೆಯಲಾಗಲಿಲ್ಲ. ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ ಎಂಬರ್ಥದಲ್ಲಿ ಅವರನ್ನು ಖಾರವಾಗಿ ಮಾತಾಡಿಸಿದಳು. ಊರಿನ ಪರವಾಗಿಯೇ ಆಡಿದ ಮಾತು. ಆದರೆ ಊರು ಕಂಡದ್ದು ಮಾತಿನ ನ್ಯಾಯವನ್ನಲ್ಲ, ಮಾತಿನಲ್ಲಿದ್ದ ಸಿಟ್ಟನ್ನು. ಸಾಕಿದ ಅಪ್ಪ ದೋಣಿ ಕೊಟ್ಟುಬಿಡಲು ಹೇಳಿದ. ಆಮೇಲೆ ತಿಂಗಳುಗಟ್ಟಲೆ ಅವಳ ಗುಡಾರದ ಕಡೆ ಯಾರೂ ಸುಳಿಯಲಿಲ್ಲ. ಬೈಯಲಿಲ್ಲ, ಜಗಳವಾಡಲಿಲ್ಲ, ಊಟವನ್ನೂ ನಿಲ್ಲಿಸಲಿಲ್ಲ. ನಗುನಗುತ್ತಲೇ ದೂರವಾದರು. ಆ ದೂರವಿಡುವಿಕೆಯಿಂದಲೇ ಅವಳು ಆ ಜನರ ಮನಸ್ಸಿನ ಒಳಗುಟ್ಟನ್ನು ಕಲಿತಳು. 1970ರಲ್ಲಿ ಅವಳ ಪುಸ್ತಕ ಬಂತು, ಹೆಸರು ‘ನೆವರ್ ಇನ್ ಆ್ಯಂಗರ್’. ಸಿಟ್ಟು ಮಾಡದ ಜನರ ಬಗ್ಗೆ ಬರೆದ ಆ ಪುಸ್ತಕದಲ್ಲಿ ಸಿಟ್ಟು ಮಾಡಿದ ಒಬ್ಬಳೇ ಹೆಂಗಸು ಅದರ ಲೇಖಕಿ.

ಎಂಟನೆಯ ತರಗತಿಯ ಮಕ್ಕಳಿಗೆ ಉಷ್ಣತೆಯ ಪಾಠ ಮಾಡುವಾಗ ನಾನು ಒಂದು ಪ್ರಶ್ನೆ ಕೇಳುವುದುಂಟು. ಬಿಸಿನೀರಿನಲ್ಲಿ ಇಟ್ಟ ಥರ್ಮಾಮೀಟರು ಯಾರ ಉಷ್ಣತೆಯನ್ನು ತೋರಿಸುತ್ತದೆ? ‘ನೀರಿಂದು, ಸರ್’ ಎಂದು ಇಡೀ ವರ್ಗ ಒಂದೇ ದನಿಯಲ್ಲಿ ಕೂಗುತ್ತದೆ. ಅಲ್ಲ. ಥರ್ಮಾಮೀಟರು ತೋರಿಸುವುದು ತನ್ನದೇ ಉಷ್ಣತೆಯನ್ನು. ನೀರಿನಿಂದ ಶಾಖವನ್ನು ಪಡೆದು, ನೀರಿನಷ್ಟೇ ಬಿಸಿಯಾಗಿ ನಿಂತಾಗ ಮಾತ್ರ ಅದರ ಲೆಕ್ಕ ನೀರಿನ ಲೆಕ್ಕವಾಗುತ್ತದೆ. ಹಂಡೆಯ ನೀರಾದರೆ ಅದು ಎಳೆದುಕೊಂಡ ಶಾಖ ಲೆಕ್ಕಕ್ಕಿಲ್ಲ. ಪ್ರನಾಳದಲ್ಲಿನ ನಾಲ್ಕು ಹನಿ ನೀರಾದರೆ, ಅಳೆಯಲು ಹೋದ ಕಾರಣಕ್ಕೇ ನೀರು ತುಸು ತಣ್ಣಗಾಗಿರುತ್ತದೆ.

ಊರಿಗೆ ಹೋಗುವ ಸಂಶೋಧಕನ ಕಥೆಯೂ ಇದೇ. ಅವನ ಹತ್ತಿರ ಬೇರೆ ಉಪಕರಣವಿಲ್ಲ, ಅವನೇ ಉಪಕರಣ. ಊರಿನ ಶಾಖ ತನ್ನೊಳಗೆ ಬರಗೊಡದಿದ್ದರೆ ಅವನಿಗೆ ಏನೂ ತಿಳಿಯುವುದಿಲ್ಲ. ಬರಗೊಟ್ಟರೆ, ಊರಿನಿಂದ ಅಷ್ಟನ್ನು ಪಡೆದುಕೊಂಡಂತಾಯಿತು. ಹಾಗೆ ಪಡೆದದ್ದರ ಲೆಕ್ಕ ಏನು ಎಂಬುದೇ ಈ ವಾರದ ನನ್ನ ಪ್ರಶ್ನೆ.

ಇದನ್ನು ಕೇಳಲು ಹಿಮದ ನಾಡಿನವರೆಗೆ ಹೋಗಬೇಕಾಗಿಯೇ ಇಲ್ಲ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಕೊಡವರ ಮೇಲಿನ ಮಹಾಪ್ರಬಂಧಕ್ಕೆ ಡಾಕ್ಟರೇಟ್ ಪಡೆದು, 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿದರು. ಪುಸ್ತಕದಲ್ಲಿ ಆ ಊರಿನ ಹೆಸರು ರಾಂಪುರ. ಭಾಷೆ ತಮ್ಮದೇ, ಸೀಮೆ ತಮ್ಮದೇ. ಆದರೂ ಊರು ಅವರನ್ನು ತನ್ನ ತಕ್ಕಡಿಯಲ್ಲಿ ತೂಗಿಯೇ ಒಳಗೆ ಬಿಟ್ಟಿತು. ಸ್ನಾನ ಮಾಡಿದ ಮೇಲೆ ಗಡ್ಡ ಹೆರೆದುಕೊಂಡದ್ದಕ್ಕೆ, ಬ್ರಾಹ್ಮಣರಾಗಿ ಹೀಗೆ ಮಾಡಬಹುದೇ ಎಂಬ ಆಕ್ಷೇಪ ಕೇಳಬೇಕಾಯಿತು. ಊರಗೌಡರ ಆಶ್ರಯದಲ್ಲಿ ಇದ್ದುದರಿಂದ ದಲಿತರ ಕೇರಿಗೆ ಮನಸ್ಸು ಬಂದಂತೆ ಓಡಾಡಲು ಆಗಲಿಲ್ಲ. ತಾವು ಕಂಡ ಊರು ಮೇಲ್ಜಾತಿಯ ಜಗಲಿಯಿಂದ ಕಂಡ ಊರು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಥರ್ಮಾಮೀಟರನ್ನು ಪಾತ್ರೆಯ ಯಾವ ಮೂಲೆಯಲ್ಲಿ ಇಟ್ಟೆ ಎಂದು ಹೇಳುವುದೂ ವಿಜ್ಞಾನವೇ.

ಮುಂದೆ ನಡೆದದ್ದು ಇನ್ನೂ ದೊಡ್ಡ ಕಥೆ. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶ್ರೀನಿವಾಸ್ ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟರು. 18 ವರ್ಷಗಳಿಂದ ಹದಗೊಳಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟವು. ಸಹೋದ್ಯೋಗಿ ಸಾಲ್ ಟ್ಯಾಕ್ಸ್ ಅವರ ಸಲಹೆಯಂತೆ ನೆನಪಿನ ಮೇಲೆಯೇ ಬರೆಯಲು ಕೂತರು. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಹೀಗೆ ಹುಟ್ಟಿದ ಪುಸ್ತಕ. ಕಾಗದ ಸುಟ್ಟರೂ ಊರು ಉಳಿದಿತ್ತು, ಯಾಕೆಂದರೆ ಅದು ಆಗಲೇ ಅವರೊಳಗೆ ಇಳಿದಿತ್ತು.

ಶ್ರೀನಿವಾಸರ ನಂತರ ಬಂದವರು ಸ್ಕಾರ್ಲೆಟ್ ಎಪ್ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ಹಿಟ್ಲರನ ಕಾಲದಲ್ಲಿ ಊರು ಬಿಟ್ಟು ಇಂಗ್ಲೆಂಡ್ ಸೇರಿದವರು. ಮ್ಯಾಂಚೆಸ್ಟರಿನ ಪಿಎಚ್.ಡಿ.ಗಾಗಿ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ಅವರ ಯೋಜನೆ ನನ್ನಂಥ ವಿಜ್ಞಾನದ ಮಾಸ್ತರನಿಗೆ ಬಹಳ ಹಿಡಿಸುವಂಥದು. ಒಂದು ಊರಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು, ಪಕ್ಕದ್ದು ಎತ್ತರದಲ್ಲಿದ್ದುದರಿಂದ ಒಣ ಊರಾಗಿಯೇ ಉಳಿದಿತ್ತು. ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ. ಪ್ರಯೋಗಶಾಲೆಯಲ್ಲಿ ನಾವು ಎರಡು ಪ್ರನಾಳ ಇಟ್ಟು ಒಂದಕ್ಕೆ ಮಾತ್ರ ಮದ್ದು ಹಾಕುವುದಿಲ್ಲವೇ, ಹಾಗೆ. ನೀರು ಬಂದ ಊರು ಕಬ್ಬು ಬೆಳೆದು ಶ್ರೀಮಂತವಾಯಿತು, ಆದರೆ ಅದರ ಹಳೆಯ ಕಟ್ಟುಕಟ್ಟಳೆ ಹಾಗೇ ಗಟ್ಟಿಯಾಗಿ ನಿಂತಿತು. ನೀರು ಬಾರದ ಊರಿನವರು ಮಂಡ್ಯದಲ್ಲಿ ನೌಕರಿ ಹಿಡಿದರು, ಗಿರಣಿ ಹಾಕಿದರು, ಗುತ್ತಿಗೆ ಹಿಡಿದರು. ಬದಲಾದದ್ದು ಆ ಊರೇ. 1970ರಲ್ಲಿ ಎಪ್ಸ್ಟೈನ್ ಮತ್ತೆ ಬಂದು ಎರಡೂ ಊರುಗಳನ್ನು ನೋಡಿದರು. ಈ ಮರಳಿ ಬರುವಿಕೆಯನ್ನು ಓದುಗರು ನೆನಪಿಡಬೇಕು, ಎಲ್ಲರೂ ಬರುವುದಿಲ್ಲ.

ನವಿಲುತೀರ್ಥದ ಆಣೆಕಟ್ಟಿನಿಂದ ಹೊರಟ ಮಲಪ್ರಭೆಯ ಕಾಲುವೆಗಳ ದಡದಲ್ಲಿ ನಿಂತು ನೋಡಿದರೆ ಇಂಥ ಜೋಡಿ ಊರುಗಳು ನಮಗೂ ಕಾಣುತ್ತವೆ. ಕಾಲುವೆಯ ಆ ಕಡೆ ಕಬ್ಬು, ಈ ಕಡೆ ಮಳೆ ನಂಬಿದ ಬಿಳಿಜೋಳ. ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಇರುವ ಮನೆ, ನಿಂತುಹೋದ ಮನೆ ಅಕ್ಕಪಕ್ಕದಲ್ಲೇ ಇವೆ. ಇವು ಯಾವ ದೇಶದ ವಿದ್ಯಾರ್ಥಿಯೂ ಹುಡುಕಿಕೊಂಡು ಬರಬಹುದಾದ ವಿಷಯಗಳು.

ಹುಡುಕಿಕೊಂಡು ಬಂದವರೂ ಇದ್ದಾರೆ. ಬಂದದ್ದು ಹೆಚ್ಚಾಗಿ ಸವದತ್ತಿಗೆ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಭಂಡಾರದಿಂದ ಹಳದಿಯಾಗಿ ‘ಉಧೋ ಉಧೋ’ ಎನ್ನುವಾಗ, ಆ ಜನಸಾಗರದಲ್ಲಿ ನೋಟ್‌ಬುಕ್ ಹಿಡಿದವರು ಕಾಣಸಿಗುವುದು ಇಂದು ನಿನ್ನೆಯ ಮಾತಲ್ಲ. ಫ್ರಾನ್ಸಿನ ಜಾಕಿ ಅಸಾಯಾಗ್ ಈ ದೇವಿಯ ಆರಾಧನೆಯ ಮೇಲೆ ಬರೆದ ದೊಡ್ಡ ಗ್ರಂಥ 1992ರಲ್ಲಿ ಪ್ರಕಟವಾಯಿತು, ಫ್ರೆಂಚಿನಲ್ಲಿ. ಅಮೆರಿಕದ ಲೂಸಿಂಡಾ ರಾಂಬರ್ಗ್ ಉತ್ತರ ಕರ್ನಾಟಕದ ಜೋಗತಿಯರ ನಡುವೆ ಇದ್ದು ಬರೆದ ಪುಸ್ತಕ 2014ರಲ್ಲಿ ಬಂತು, ಇಂಗ್ಲಿಷಿನಲ್ಲಿ. ದೇವದಾಸಿ ಬಿಡುವುದನ್ನು ನಿಷೇಧಿಸಿದ 1982ರ ಕಾನೂನು ಬಂದ ಮೇಲೂ ಆ ಹೆಣ್ಣುಮಕ್ಕಳ ಬದುಕು ಏನಾಯಿತು, ದೇವಿಗೆ ಲಗ್ನವಾದವಳನ್ನು ಸಮಾಜ ಯಾವ ಸಂಬಂಧದಲ್ಲಿ ಇಡುತ್ತದೆ ಎಂದು ಕೇಳುವ ಪುಸ್ತಕ ಅದು. ಇಬ್ಬರ ಶ್ರಮವೂ ದೊಡ್ಡದು. ಆದರೆ ಗುಡ್ಡದ ಮೇಲೆ ಪಡ್ಡಲಗಿ ಹಿಡಿದು ಕೂತ ಅಜ್ಜಿಗೆ ಫ್ರೆಂಚೂ ಬಾರದು, ಇಂಗ್ಲಿಷೂ ಬಾರದು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಶೋಧನೆಗೆಂದು ಸವದತ್ತಿ ತಾಲೂಕಿನ ಹಳ್ಳಿಯೊಂದಕ್ಕೆ ಹೊರಟಾಗ ಜೊತೆಗೆ ನನ್ನನ್ನೂ ಕರೆದಿದ್ದಳು. ಅವಳ ಕೈಯಲ್ಲಿ ಅಚ್ಚು ಹಾಕಿಸಿದ ಪ್ರಶ್ನೆಗಳ ಹಾಳೆ. ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಮ್ಮ ಹುಡುಗಿ ಹಾಳೆ ಬಿಚ್ಚುವ ಮೊದಲೇ ಅಜ್ಜಿಯ ಪ್ರಶ್ನೆ ಶುರುವಾಯಿತು. ‘ಯಾವೂರಾಕಿ ತಂಗಿ? ಯಾರ ಪೈಕಿ? ಅವ್ವ ಅಪ್ಪ ಅದಾರೇನು? ಮದವಿ ಆಗೇತಿ?’ ಎಲ್ಲಕ್ಕೂ ಉತ್ತರ ಪಡೆದ ಮೇಲೆ ಅಂದಳು: ‘ನೀ ಕೇಳವಾ, ನಾ ಹೇಳತೀನಿ. ಆದ್ರ ಹಿಂದಕ ಒಬ್ಬಾಕಿ ಬಂದಿದ್ಲು, ಹಿಂಗ ಕೇಳಿ ಬರಕೊಂಡು ಹೋದ್ಲು. ಕೂಳು ಉಂಡು ಹೋದಾಕಿ ಹೊಳ್ಳಿ ಬರಲಿಲ್ಲ. ನಾ ಹೇಳಿದ್ದರದ ಏನಾತಂತ ನಿನಗರ ಗೊತ್ತೈತೇನು ಮಾಸ್ತರ?’

ಕೊನೆಯ ಮಾತು ನನಗೆ. ಬಿ.ಎಸ್ಸಿ., ಬಿ.ಎಡ್. ಓದಿದ ನನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಯಾವ ವಿಶ್ವವಿದ್ಯಾಲಯದ ಅರ್ಜಿಯಲ್ಲೂ ಆ ಪ್ರಶ್ನೆಗೆ ಒಂದು ಕಾಲಂ ಇದ್ದದ್ದನ್ನು ನಾನು ನೋಡಿಲ್ಲ.

ಇದು ಬರಿಯ ಸೌಜನ್ಯದ ಪ್ರಶ್ನೆ ಎಂದು ಯಾರಾದರೂ ಅಂದುಕೊಂಡರೆ, ಅದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಹಿಮದ ನಾಡಿನದೇ ಒಂದು ಕಥೆ ಹೇಳಬೇಕು. 1897ರಲ್ಲಿ ಶೋಧಯಾತ್ರಿ ರಾಬರ್ಟ್ ಪಿಯರಿ ಗ್ರೀನ್‌ಲ್ಯಾಂಡಿನಿಂದ ಆರು ಮಂದಿ ಇನ್ಯೂಟರನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ತಂದ. ಅಧ್ಯಯನಕ್ಕೆ ಒಬ್ಬನನ್ನು ತರುವಂತೆ ಕೇಳಿದ್ದವನು ಆಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದ್ದ ನಮ್ಮ ಬೋವಾಸನೇ. ಕೆಲವೇ ತಿಂಗಳಲ್ಲಿ ನಾಲ್ವರು ಕ್ಷಯದಿಂದ ಸತ್ತರು. ಒಬ್ಬ ಊರಿಗೆ ಮರಳಿದ. ಉಳಿದವನು ಮಿನಿಕ್ ಎಂಬ ಆರೇಳು ವರ್ಷದ ಹುಡುಗ. ಅವನ ತಂದೆ ಕಿಸುಕ್ ಸತ್ತಾಗ, ಹುಡುಗನ ಸಮಾಧಾನಕ್ಕೆ ಮರದ ದಿಮ್ಮಿಯೊಂದಕ್ಕೆ ತೊಗಲು ಸುತ್ತಿ ಮಣ್ಣು ಮಾಡಿದ ನಾಟಕ ನಡೆಯಿತು. ನಿಜವಾದ ಅಸ್ಥಿಪಂಜರ ಸಂಗ್ರಹಾಲಯದ ಕಪಾಟು ಸೇರಿತ್ತು. ದೊಡ್ಡವನಾದ ಮೇಲೆ ಮಿನಿಕ್‌ಗೆ ಇದು ತಿಳಿದು, ಅಪ್ಪನ ಎಲುಬು ಕೊಡಿರೆಂದು ಕೇಳಿದ. ಕೊಡಲಿಲ್ಲ. 1918ರಲ್ಲಿ ಅವನೂ ತೀರಿಕೊಂಡ. ಆ ನಾಲ್ವರ ಎಲುಬುಗಳು ಗ್ರೀನ್‌ಲ್ಯಾಂಡಿನ ಮಣ್ಣು ಸೇರಿದ್ದು 1993ರಲ್ಲಿ, 96 ವರ್ಷಗಳ ಮೇಲೆ.

ಬೋವಾಸ್ ಕೆಟ್ಟವನಾಗಿರಲಿಲ್ಲ. ಯಾವ ಜನಾಂಗವೂ ಹುಟ್ಟಿನಿಂದ ಕೀಳಲ್ಲ ಎಂದು ಜೀವನವಿಡೀ ವಾದಿಸಿದವನು. ಅಂಥವನ ಕೈಯಿಂದಲೂ ಇದು ನಡೆಯಿತೆಂದರೆ, ಒಳ್ಳೆಯ ಮನಸ್ಸೊಂದೇ ಸಾಲದು, ಕಟ್ಟಳೆಯೂ ಬೇಕು ಎಂದಾಯಿತು. ಆ ಕಟ್ಟಳೆಯನ್ನು ಈಗ ಇನ್ಯೂಟರು ತಾವೇ ಮಾಡಿಕೊಂಡಿದ್ದಾರೆ. ಬ್ರಿಗ್ಸ್ ಇದ್ದ ಪ್ರದೇಶ 1999ರಿಂದ ನುನಾವುಟ್ ಎಂಬ ಪ್ರತ್ಯೇಕ ಆಡಳಿತ ಪ್ರಾಂತ. ಅಲ್ಲಿ ಸಂಶೋಧನೆ ಮಾಡಲು ಯಾರೇ ಹೋದರೂ ಮೊದಲು ನುನಾವುಟ್ ಸಂಶೋಧನ ಸಂಸ್ಥೆಯಿಂದ ಲೈಸೆನ್ಸ್ ಪಡೆಯಬೇಕು. ತಾವು ಏನು ಮಾಡಲಿದ್ದೇವೆ ಎಂಬುದನ್ನು ಸಾಮಾನ್ಯರಿಗೆ ತಿಳಿಯುವಂತೆ, ಅಲ್ಲಿನ ಭಾಷೆಯಲ್ಲೂ ಬರೆದು ಕೊಡಬೇಕು. ಅರ್ಜಿ ಆ ಊರಿನವರ ಮುಂದೆಯೂ ಹೋಗುತ್ತದೆ. ಅಳೆಯಲು ಬಂದವರನ್ನು ಮೊದಲು ಊರು ಅಳೆಯುತ್ತದೆ, ನಮ್ಮ ಶೇಂಗಾ ಸುಲಿಯುವ ಅಜ್ಜಿಯ ಹಾಗೆ. ಅವಳಿಗೆ ಲೈಸೆನ್ಸಿನ ಠಸ್ಸೆ ಇಲ್ಲ, ಅಷ್ಟೇ.

ಬರೆದಿಟ್ಟವರ ಮಾತೇ ಉಳಿಯುತ್ತದೆ ಎಂಬುದು ಕಿತ್ತೂರಿನವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಬಿದ್ದ ಸುದ್ದಿಯನ್ನು ಇಂಗ್ಲಿಷ್ ಅಧಿಕಾರಿಗಳು ತಮ್ಮ ಪತ್ರಗಳಲ್ಲಿ ಬರೆದರು, ಅವು ದಫ್ತರಗಳಲ್ಲಿ ಭದ್ರವಾಗಿ ಉಳಿದವು. ನಮ್ಮವರ ಮಾತು ಲಾವಣಿ ಹಾಡುವವರ ಕೊರಳಿನಲ್ಲಿ ಉಳಿಯಿತು. ಕೊರಳು ದಫ್ತರವಲ್ಲ, ಹಾಡುವವನ ಜೊತೆಗೇ ಹೋಗುತ್ತದೆ. ಅದನ್ನರಿತು ಊರೂರು ತಿರುಗಿ ಹಾಡು ಕೂಡಿಸಿದವರು ಬಿ.ಎಸ್. ಗದ್ದಗಿಮಠ. ಕನ್ನಡ ಜನಪದ ಗೀತೆಗಳ ಮೇಲೆ ಅವರು ಪಡೆದ ಡಾಕ್ಟರೇಟ್, ಕನ್ನಡ ಜಾನಪದಕ್ಕೆ ಸಂದ ಮೊದಲನೆಯದು. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಕೆ. ರಾಮಾನುಜನ್ ಈ ಭಾಗದ ಹೆಣ್ಣುಮಕ್ಕಳ ಬಾಯಿಂದ ಕಥೆಗಳನ್ನು ಬರೆದುಕೊಂಡರು. ಗದ್ದಗಿಮಠರ ಕೆಲಸ ಕನ್ನಡದಲ್ಲೇ ಇರುವುದರಿಂದ, ಹಾಡು ಕೊಟ್ಟವರ ಮೊಮ್ಮಕ್ಕಳು ಇಂದು ಅದನ್ನು ತೆರೆದು ಓದಬಹುದು. ಋಣ ತೀರಿಸುವುದೆಂದರೆ ಹೀಗೆ.

2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದ ಮೇಲೆ ನಮ್ಮ ನಾಲ್ಕೂ ತಾಲೂಕುಗಳ ಮಕ್ಕಳು ಪಿಎಚ್.ಡಿ.ಗೆ ಬಹಳ ದೂರ ಹೋಗಬೇಕಾಗಿಲ್ಲ. ಅವರಿಗೂ ಅವರ ಗೈಡುಗಳಿಗೂ ಮಾಸ್ತರನಾಗಿ ಮೂರು ಮಾತು ಹೇಳುತ್ತೇನೆ. ಒಂದು, ಪ್ರಶ್ನೆಯ ಹಾಳೆ ಬಿಚ್ಚುವ ಮೊದಲು ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂಡಿಸಿ, ಯಾಕೆ ಬಂದಿದ್ದೀರಿ, ಯಾರು ಕಳಿಸಿದ್ದಾರೆ ಎಂದು ಕನ್ನಡದಲ್ಲಿ ಹೇಳಿ. ಎರಡು, ‘ಒಲ್ಲೆ’ ಎನ್ನುವ ಹಕ್ಕು ಎದುರಿನವರಿಗಿದೆ. ಗುಡ್ಡದ ಹೆಣ್ಣುಮಗಳ ಗೋಳಾಗಲಿ, ನೇಕಾರನ ಸಾಲದ ಚೀಟಿಯಾಗಲಿ, ಕೇಳಿದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಅವರ ಹೆಸರು ನಿಮ್ಮ ಹೊಟ್ಟೆಯಲ್ಲಿರಲಿ. ಮೂರು, ಪದವಿ ಸಿಕ್ಕ ವರ್ಷವೇ ಇಪ್ಪತ್ತು ಪುಟದ ಒಂದು ಕನ್ನಡ ಪುಸ್ತಿಕೆ ಮಾಡಿ. ಒಂದು ಪ್ರತಿ ಊರ ಸಾಲೆಗೆ, ಒಂದು ಗ್ರಾಮ ಪಂಚಾಯಿತಿಯ ವಾಚನಾಲಯಕ್ಕೆ. ಓದಲು ಬಾರದವರಿಗೆ ಕೂತು ಓದಿ ಹೇಳಿ. ಅವರು ‘ಇದು ತಪ್ಪೈತಿ’ ಎಂದರೆ ತಿದ್ದಿಕೊಳ್ಳಿ. ಯಾವ ಪರೀಕ್ಷಕನಿಗೂ ಕಾಣದ ತಪ್ಪು ಅವರಿಗೆ ಕಾಣುತ್ತದೆ.

ಇನ್ನು ಊರಿನವರಿಗೆ ಒಂದೇ ಮಾತು. ನಾಳೆ ಯಾರಾದರೂ ಚೀಲ ಹೆಗಲಿಗೇರಿಸಿ, ನೋಟ್‌ಬುಕ್ ಹಿಡಿದು ಬಾಗಿಲಿಗೆ ಬಂದರೆ ಅವರನ್ನು ಅಟ್ಟಬೇಡಿ. ಕಲಿಯಲು ಬಂದವರು, ನಮ್ಮ ಮಕ್ಕಳಂಥವರು. ಮಜ್ಜಿಗೆ ಕೊಡಿ, ತಿಳಿದದ್ದು ಹೇಳಿ. ಆದರೆ ಅವರು ಎದ್ದು ನಿಂತಾಗ, ಬರೆದ ಪುಸ್ತಕ ತಗೊಂಡು ಹೊಳ್ಳಿ ಬರುವುದು ಯಾವಾಗ ಎಂದು ಕೇಳಿ. ಅವರು ಹೇಳುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಅವರ ಕೈಯಿಂದಲೇ ಬರೆಸಿಕೊಳ್ಳಿ.